ಪೂಲ್ಯಾದ ಹಾಡುಗಳು ಯಾರನ್ನು ಕರೆಯುತ್ತವೆ?

ಇಟಲಿಯ ಆಗ್ನೇಯ ಮೂಲೆಯ ಪೂಲ್ಯಾ ಪ್ರಾಂತ್ಯವನ್ನು ಪ್ರವಾಸದ ಜಾಹೀರಾತುಗಳು ಎರಡೇ ಬಣ್ಣಗಳಲ್ಲಿ ತೋರಿಸುತ್ತವೆ: ಕಡಲಿನ ನೀಲಿ, ಸುಣ್ಣ ಬಳಿದ ಮನೆಗಳ ಬಿಳಿ. ಅಲ್ಲಿ ಹುಟ್ಟಿದ ಹಾಡುಗಳಲ್ಲಿ ಕಾಣುವುದು ಮುಖ್ಯವಾಗಿ ಹೊಲ, ಕೂಲಿ, ವಲಸೆ. ವಸ್ತುವಿನ ಈ ವ್ಯತ್ಯಾಸ ಮೇಲ್ನೋಟಕ್ಕೇ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವೆಂದು ನನಗೆ ತೋರುವುದು, ಪ್ರತಿ ಹಾಡೂ ಯಾರನ್ನು ಉದ್ದೇಶಿಸಿ ಮಾತಾಡುತ್ತದೆ ಎಂಬ ಸಂಗತಿ. ಕೇಳುವವರು ಬದಲಾದಂತೆ ಹಾಡಿನೊಳಗಿನ ನಾಡೂ ಬದಲಾಗುತ್ತದೆ.

ಹಳೆಯ ಪದರದಲ್ಲಿ ಕೇಳುವವನು ಸಂತ. ಪೂಲ್ಯಾದ ದಕ್ಷಿಣ ಭಾಗವಾದ ಸಾಲೆಂತೋದಲ್ಲಿ, ಜೇಡ ಕಚ್ಚಿತೆಂದು ನಂಬಿ ಹಾಸಿಗೆ ಹಿಡಿದವರ ಮುಂದೆ 'ಪಿಟ್ಸಿಕ' ನುಡಿಸಿ, ಕುಣಿಸಿ ಗುಣಪಡಿಸುವ ಆಚರಣೆಯಿತ್ತು. ಹೀಗೆ ನರಳಿದವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವ ಹೆಂಗಸರು. 1959ರ ಬೇಸಿಗೆಯಲ್ಲಿ ಮಾನವಶಾಸ್ತ್ರಜ್ಞ ಎರ್ನೆಸ್ತೊ ದೆ ಮಾರ್ತಿನೊ ತಮ್ಮ ತಂಡದೊಂದಿಗೆ ಇದನ್ನು ಅಧ್ಯಯನ ಮಾಡಿ, 1961ರಲ್ಲಿ ಪ್ರಸಿದ್ಧ ಗ್ರಂಥವೊಂದನ್ನು ಪ್ರಕಟಿಸಿದರು. ತಂಡದಲ್ಲಿ ಸಂಗೀತ ವಿದ್ವಾಂಸ ದಿಯೇಗೊ ಕಾರ್ಪಿತೆಲ್ಲ ಇದ್ದರು. ಅವರಿಗೆ ನುಡಿಸಿ ತೋರಿಸಿದವರಲ್ಲಿ ಒಬ್ಬರು ನಾರ್ದೊ ಊರಿನ ಲುಯಿಜಿ ಸ್ತಿಫಾನಿ. ವೃತ್ತಿಯಲ್ಲಿ ಕ್ಷೌರಿಕರು, ಕೈಯಲ್ಲಿ ಪಿಟೀಲು. ಆ ಹಾಡುಗಳು ಸಂತ ಪೌಲನನ್ನು ಕೂಗಿ ಕರೆಯುತ್ತವೆ; ಜೂನ್ 29ರ ಹಬ್ಬದಂದು ಗುಣವಾದವರೂ ಆಗದವರೂ ಗಲಾತೀನಾದ ಅವನ ಪುಟ್ಟ ಗುಡಿಗೆ ಹೋಗುತ್ತಿದ್ದರು. ಕಚ್ಚಿದ್ದು ಜೇಡವಷ್ಟೇ ಆಗಿರಲಿಲ್ಲ, ಬದುಕಿನಲ್ಲಿ ಇತ್ಯರ್ಥವಾಗದೆ ಉಳಿದ ಸಂಕಟ ಮತ್ತೆ ಮತ್ತೆ ಮರಳಿ ಬರುತ್ತಿತ್ತು ಎಂದು ದೆ ಮಾರ್ತಿನೊ ಅರ್ಥೈಸಿದರು. ಅವರ ಮಾತನ್ನು ಒಪ್ಪಿಯೇ ಒಂದಂಶ ಸೇರಿಸಬಹುದು: ಈ ಹಾಡುಗಳಲ್ಲಿ ನೋವು ಕೊಟ್ಟದ್ದು ಜೇಡ, ನೀಗಬೇಕಾದವನು ಸಂತ, ನಡುವೆ ಭೂಮಾಲೀಕನ ಸುಳಿವೇ ಇಲ್ಲ.

ಮಾಲೀಕನಿಗೆ ಎದುರು ನಿಂತು ಮಾತಾಡುವ ಹಾಡು ಉತ್ತರದ ಫೋಜಾ ಬಯಲಿನಿಂದ ಬಂದಿತು. ದೊಡ್ಡ ಜಮೀನುಗಳಲ್ಲಿ ದಿನಗೂಲಿಗಳು ಗೋಧಿ ಕೊಯ್ಯುತ್ತಿದ್ದ ಸೀಮೆ ಅದು; ಕಾರ್ಮಿಕ ನಾಯಕ ಜುಸೆಪ್ಪೆ ದಿ ವಿತ್ತೋರಿಯೊ 1892ರಲ್ಲಿ ಹುಟ್ಟಿದ್ದು ಇಲ್ಲಿಯ ಚೆರಿಞೋಲಾದಲ್ಲಿ. 1925ರಲ್ಲಿ ಅಪ್ರಿಚೇನಾದಲ್ಲಿ ಹುಟ್ಟಿದ ಹಾಡುಗಾರ ಮತ್ತೇಯೊ ಸಾಲ್ವತೋರೆ ಕಡುಬಡತನದಲ್ಲಿ ಬೆಳೆದವರು. ಅವರ 'ಪಾದ್ರೋನೆ ಮಿಯೊ' ಹಾಡಿನಲ್ಲಿ ಕೂಲಿಯವನು ತನ್ನ ಒಡೆಯನಿಗೆ ನಿನ್ನನ್ನು ಸಿರಿವಂತನನ್ನಾಗಿ ಮಾಡುತ್ತೇನೆಂದು ಮಾತು ಕೊಡುತ್ತಾನೆ. ಎಲ್ಲೂ ಬೈಗುಳವಿಲ್ಲ, ಬೆದರಿಕೆಯಿಲ್ಲ. ವಿಧೇಯತೆಯನ್ನೇ ಕೊನೆಯವರೆಗೆ ಎಳೆದುಬಿಟ್ಟಾಗ ಅದು ದೂರುಪತ್ರವಾಗುತ್ತದೆ. ಸಾಲ್ವತೋರೆಯವರ ದನಿ ಗಿಟಾರಿನ ಮೇಲೆ ಮೆಲ್ಲಗೆ, ಹೆಚ್ಚುಕಡಿಮೆ ಬೇಡಿಕೊಳ್ಳುವಂತೆ ಸಾಗುವುದರಿಂದಲೇ ಈ ಪರಿಣಾಮ ಸಾಧ್ಯವಾಗಿದೆ. ಘೋಷಣೆಯ ಯಾವ ಹಾಡೂ ನನ್ನನ್ನು ಇಷ್ಟು ಕಲಕಿಲ್ಲ.

ಸಾಲೆಂತೋದ 'ಫಿಮ್ಮೆನೆ ಫಿಮ್ಮೆನೆ'ಯದು ಇನ್ನೊಂದು ಬಗೆ. ಅಲ್ಲಿ ಹೆಂಗಸರು ತಂಬಾಕಿನ ಕೆಲಸಕ್ಕೆ ಹೊರಟ ಹೆಂಗಸರನ್ನೇ ಕರೆದು ಎಚ್ಚರಿಸುತ್ತಾರೆ. ತಮ್ಮವರೊಂದಿಗೆ ಆಡುವ ಮಾತಾದ್ದರಿಂದ ಹೆಚ್ಚು ಬಿಡಿಸಿ ಹೇಳುವ ಅಗತ್ಯವಿಲ್ಲ. ತಂಬಾಕು ಹದ ಮಾಡುವ ಕೊಠಡಿಗಳಲ್ಲಿ ಏನು ನಡೆಯುತ್ತಿತ್ತೆಂಬುದು ಕೇಳುವವರಿಗೆ ಗೊತ್ತಿದೆ. 1935ರ ಮೇ ತಿಂಗಳಲ್ಲಿ ತ್ರಿಕಾಸೆ ಊರಿನಲ್ಲಿ ತಂಬಾಕು ಕೆಲಸದವರ ಪ್ರತಿಭಟನೆಯ ಮೇಲೆ ಗುಂಡು ಹಾರಿಸಿ ಜನರನ್ನು ಕೊಂದ ಹಿನ್ನೆಲೆಯಲ್ಲಿ ಈ ಹಾಡನ್ನು ಕೇಳಬೇಕು. ವಲಸೆಯ ಹಾಡಿನಲ್ಲೂ ಹೆಣ್ಣಿನ ದನಿಯಿದೆ: ಗ್ರೀಕ್ ಮೂಲದ ಗ್ರಿಕೊ ನುಡಿಯಾಡುವ ಕಲಿಮೇರಾದ ಫ್ರಾಂಕೊ ಕೊರ್ಲಿಯನೊ ರಚಿಸಿದ 'ಕ್ಲಾಮಾ'ದಲ್ಲಿ ದುಡಿಮೆಗಾಗಿ ಊರು ಬಿಡುವ ಗಂಡನಿಗಾಗಿ ಹೆಂಡತಿ ಅಳುತ್ತಾಳೆ.

ಗಾಯಕ ದೊಮೇನಿಕೊ ಮೊದುಞೊ ಅವರ ಉದಾಹರಣೆ ಇಲ್ಲಿ ತೊಡಕಿನದು, ಆದ್ದರಿಂದಲೇ ಬೆಲೆಯುಳ್ಳದ್ದು. 1958ರ ಸಾನ್‌ರೇಮೊ ಗೀತೋತ್ಸವದಲ್ಲಿ ಗೆದ್ದು ಜಗತ್ತಿಗೆ ಪರಿಚಿತರಾದ ಅವರು ಹುಟ್ಟಿದ್ದು ಪೂಲ್ಯಾದ ಪೊಲಿಞಾನೊದಲ್ಲಿ, 1928ರಲ್ಲಿ. ಆದರೂ ವೃತ್ತಿಯ ಮೊದಲ ವರ್ಷಗಳಲ್ಲಿ ಕೇಳುಗರು ಅವರನ್ನು ಸಿಸಿಲಿಯವರೆಂದೇ ತಿಳಿದಿದ್ದರು. ಜತೆಗಾತಿ ಈಟಿಗೆ ಸಿಕ್ಕಾಗ ಬಿಟ್ಟು ಹೋಗದ ಕತ್ತಿಮೀನಿನ ಕಥೆಯನ್ನು ಅವರು ಹಾಡಿದ್ದು ಸಿಸಿಲಿಯ ಛಾಯೆಯ ನುಡಿಯಲ್ಲಿ. ಇಡೀ ದೇಶದ ರೇಡಿಯೊ ಕೇಳುಗರಿಗೆ ದಕ್ಷಿಣವೆಂದರೆ ಸಿಸಿಲಿ ಅಥವಾ ನೇಪಲ್ಸ್ ಆಗಿದ್ದ ಕಾಲದಲ್ಲಿ, ಪೂಲ್ಯಾಕ್ಕೆ ತನ್ನ ಹೆಸರಿನಲ್ಲೇ ಹಾಡುವ ಜಾಗ ಇನ್ನೂ ಸಿಕ್ಕಿರಲಿಲ್ಲ.

ಆ ಜಾಗ ಸಿಕ್ಕಿದಾಗ ಎದುರಿಗೆ ಬಂದು ನಿಂತವನು ಪ್ರವಾಸಿ. 1998ರಿಂದ ಮೆಲ್ಪಿಞಾನೊದಲ್ಲಿ ಬೇಸಿಗೆಯ ಪಿಟ್ಸಿಕ ಉತ್ಸವ ನಡೆಯುತ್ತಿದೆ. ಒಂದು ಕಾಲಕ್ಕೆ ರೋಗಿಯ ಮನೆಯಲ್ಲಿ ನುಡಿಸುತ್ತಿದ್ದ ಲಯಕ್ಕೆ ಈಗ ದೊಡ್ಡ ಮೈದಾನ ತುಂಬ ಜನ ಕುಣಿಯುತ್ತಾರೆ. ಇದರಿಂದ ಆ ಸಂಗೀತ ಉಳಿಯಿತು, ಯುವಕರು ಮತ್ತೆ ಕಲಿತರು. ಇದನ್ನು ಕೇವಲ ಮಾರಾಟವೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಹೊಸ ಕೇಳುಗನ ಸಮಸ್ಯೆಯನ್ನು ಅತ್ಯಂತ ನಿಖರವಾಗಿ ಹಿಡಿದದ್ದು ಮೊಲ್ಫೆತ್ತಾದ ರ‍್ಯಾಪ್ ಗಾಯಕ ಕಾಪರೆಜ್ಜಾ. 2008ರಲ್ಲಿ ಬಂದ, ಪೂಲ್ಯಾಕ್ಕೆ ಕುಣಿಯಲು ಬನ್ನಿ ಎಂದು ಕರೆಯುವ ಅವರ ಹಾಡು ಹೊರಗಿನಿಂದ ಹಬ್ಬದ ಕರೆಯೋಲೆಯಂತಿದೆ. ಒಳಗೆ ಕೆಲಸದ ಜಾಗದ ಸಾವುಗಳಿವೆ, ತಾರಂತೊದ ಉಕ್ಕಿನ ಕಾರ್ಖಾನೆಯ ವಿಷವಿದೆ, ಹೊಲಗಳಲ್ಲಿ ಹಿಂಡಿ ದುಡಿಸಿಕೊಳ್ಳುವ ಪದ್ಧತಿಯಿದೆ. ಕಡಲತೀರದ ಮೋಜುಕೂಟಗಳಲ್ಲಿ ಈ ಹಾಡಿಗೆ ಜನ ಸಾಹಿತ್ಯ ಗಮನಿಸದೆ ಕುಣಿಯುತ್ತಾರೆ. ಹಾಡು ವಿಫಲವಾಯಿತೆಂಬುದಕ್ಕೆ ಇದನ್ನು ಪುರಾವೆಯಾಗಿ ಕೊಡಬಹುದು. ನನ್ನ ತೀರ್ಮಾನ ಬೇರೆ: ಸಾಲ್ವತೋರೆ ಒಡೆಯನಿಗೆ ಕೊಟ್ಟ ವಿಧೇಯತೆಯನ್ನೇ ಕಾಪರೆಜ್ಜಾ ಪ್ರವಾಸಿಗೆ ಕೊಟ್ಟಿದ್ದಾರೆ, ಆ ಕುಣಿತವನ್ನೂ ಲೆಕ್ಕ ಹಾಕಿಯೇ ಹಾಡು ಕಟ್ಟಿದ್ದಾರೆ. ಸಂತನ ಹಾಡಿನಲ್ಲಿ ಹೆಸರಿಲ್ಲದೆ ಉಳಿದಿದ್ದ ಕಾರಣಗಳಿಗೆ ಇಲ್ಲಿ ಕಾರ್ಖಾನೆಯ, ನಾಡಿನ ಹೆಸರುಗಳು ಬಂದಿವೆ.