ಖಡ್ಗದಿಂದ ತಂಬೂರಿಗೆ

ಯುಗಾದಿಯ ಹೊಸ್ತಿಲಲ್ಲಿ ನಿಂತು ಗತಸಂವತ್ಸರದ ಸಿಂಹಾವಲೋಕನ ಮಾಡುವಾಗ, ಕೃಷ್ಣಾತೀರದ ಮ್ಹೈಸಾಳದಿಂದ ಮಿರಜಿಗೆ ಹೋಗಿ ತಂಬೂರಿ ಮಾಡುವವರ ಓಣಿಯಲ್ಲಿ ಕಳೆದ ಒಂದು ಅಪರಾಹ್ನವೇ ನನಗೆ ಪ್ರಿಯತಮವಾಗಿ ತೋರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಖಡ್ಗಗಳನ್ನು ಸಾಣೆಹಿಡಿಯುತ್ತಿದ್ದ ಶಿಕಲಗಾರ ಮನೆತನದವರು, ಆಯುಧಗಳಿಗೆ ಬೇಡಿಕೆ ಕುಗ್ಗಲು, ಮಿರಜನ್ನಾಳುತ್ತಿದ್ದ ಪಟವರ್ಧನರ ಸಂಸ್ಥಾನದ ಗಾಯಕರ ವಾದ್ಯಗಳನ್ನು ದುರಸ್ತಿಗೊಳಿಸುತ್ತ ನಿರ್ಮಾಣಕ್ಕೂ ಕೈಹಾಕಿದರು. ಅವರಲ್ಲಿ ಫರೀದಸಾಹೇಬರ ಹೆಸರು ಮೊದಲನೆಯದು. ಒಣಗಿದ ಸೋರೆಬುರುಡೆಯನ್ನು ನೀರಿನಲ್ಲಿ ನೆನೆಯಿಸಿ, ಮೆದುವಾದ ಮೇಲೆ ಕೊಯ್ದು, ತಿರುಳು ತೆಗೆದು, ಆಕಾರ ಕೆಡದಂತೆ ಒಳಗೆ ಕಡ್ಡಿಗಳನ್ನು ಆನಿಸಿ ಮತ್ತೆ ಒಣಗಿಸುವ ಆ ತಾಳ್ಮೆ, ಖಡ್ಗದ ವಂಶಕ್ಕೆ ಎಲ್ಲಿಂದ ಬಂದಿತೋ! ವಾದ್ಯಗಳಿಗಷ್ಟೇ ಅಲ್ಲ, ಗಾಯಕರಿಗೂ ಮಿರಜು ನೆಲೆ: ಕುಂದಗೋಳದ ಗಾಯಕ ಸವಾಯಿ ಗಂಧರ್ವರ ಗುರುಗಳಾದ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದುದು ಈ ಊರಿನಲ್ಲಿಯೇ. 1937ರಲ್ಲಿ ದಕ್ಷಿಣದ ಪ್ರವಾಸದಲ್ಲಿ ಅಸುನೀಗಿದ ಅವರ ಸಮಾಧಿಯೂ ಇಲ್ಲಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ.