ಜನಪ್ರತಿನಿಧಿಗೆ ಅಹವಾಲು: ಕಾರವಾರ–ಅಂಕೋಲಾ

ಸ್ವಂತದ ಅಥವಾ ಊರಿನ ತೊಂದರೆಯನ್ನು ಚುನಾಯಿತ ಪ್ರತಿನಿಧಿಯ ಮುಂದಿಟ್ಟು, ಅವರ ಮೂಲಕ ಸರ್ಕಾರದಿಂದ ಪರಿಹಾರ ಕೇಳುವ ಕ್ರಮ. 2008ರ ಪುನರ್ವಿಂಗಡಣೆಯಿಂದ ಕಾರವಾರ, ಅಂಕೋಲಾ ತಾಲೂಕುಗಳೆರಡಕ್ಕೂ ಒಬ್ಬರೇ ಶಾಸಕರು. ಮೊದಲು ಅಂಕೋಲಾ ಹೆಸರಿನಲ್ಲೇ ಬೇರೆ ಕ್ಷೇತ್ರವಿತ್ತು. ಶಾಸಕರ ಲೆಟರ್‌ಹೆಡ್ಡಿನಲ್ಲಿ ‘ನಿಯಮಾನುಸಾರ ಪರಿಶೀಲಿಸಿ ಕ್ರಮ ಕೈಗೊಳ್ಳಿ’ ಎಂದು ಬರೆಸಿಕೊಂಡರೆ ಕೆಲಸ ಆದಂತೆಯೇ ಎಂಬ ನಂಬಿಕೆ ಜನರಲ್ಲಿದೆ. ಆ ಪತ್ರ ಆದೇಶವಲ್ಲ. ಶಾಸಕರ ಮಾತು ನೇರವಾಗಿ ನಡೆಯುವ ಜಾಗಗಳು ಕೆಲವೇ: ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮಗೊಳಿಸಲು ಅವರೇ ಅಧ್ಯಕ್ಷರಾಗಿರುವ ಬಗರ್‌ಹುಕುಂ ಸಮಿತಿ, ಇಲಾಖೆಗಳ ಪ್ರಗತಿ ಪರಿಶೀಲಿಸುವ ತಾಲೂಕು ಕೆಡಿಪಿ ಸಭೆ, ಪ್ರದೇಶಾಭಿವೃದ್ಧಿ ನಿಧಿ. ಉತ್ತರ ಕನ್ನಡ ಜಿಲ್ಲೆಯ ಹಳೆಯ ತಕರಾರಾದ ಅರಣ್ಯ ಅತಿಕ್ರಮಣದಲ್ಲಿ ಶಾಸಕರಿಗೆ ಮತವೇ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಅರ್ಜಿ ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಗೆ ಹೋಗಬೇಕು. ಆ ಎರಡು ಸಮಿತಿಗಳಲ್ಲೂ ಜನರ ಪರವಾಗಿ ಕೂರಬೇಕಾದವರು ತಾಲೂಕು, ಜಿಲ್ಲಾ ಪಂಚಾಯಿತಿ ಸದಸ್ಯರು. 2021ರಲ್ಲಿ ಆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದ್ದರಿಂದ ಶಾಸಕರ ಮನೆ ಬಾಗಿಲಲ್ಲಿ ಸಾಲು ಬೆಳೆದರೆ ಆಶ್ಚರ್ಯವೇನು?

ಸಮಸ್ಯೆಯ ಕೀಲಿ ಯಾರ ಕೈಲಿದೆ ಎಂಬುದೇ ಮೊದಲ ಪ್ರಶ್ನೆ. ಈ ಕರಾವಳಿಯಲ್ಲಿ ಅದು ಬಹಳ ಸಲ ದಿಲ್ಲಿಯಲ್ಲಿರುತ್ತದೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು, 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಅದು ಕಾರ್ಯಾರಂಭ ಮಾಡಿತು. ನೆಲೆಗಾಗಿ ಜಮೀನು ಬಿಟ್ಟ ನಿರಾಶ್ರಿತರ ಪರಿಹಾರದ ತಗಾದೆ ಮಾತ್ರ ಆಮೇಲೂ ಎಳೆಯಿತು. ಆಗಿನ 1894ರ ಭೂಸ್ವಾಧೀನ ಕಾಯ್ದೆಯ 28-ಎ ಕಲಮಿನಂತೆ, ಕೋರ್ಟಿಗೆ ಹೋಗದವರೂ ನೆರೆಯವರಿಗೆ ಕೋರ್ಟು ಕೊಟ್ಟ ಹೆಚ್ಚಿನ ದರ ಕೇಳಬಹುದಿತ್ತು. ತೀರ್ಪಿನಿಂದ 3 ತಿಂಗಳೊಳಗೆ ಅರ್ಜಿ ಬೀಳಬೇಕಿತ್ತು. ಆ ಗಡುವನ್ನು ಯಾವ ಶಾಸಕರೂ ಹಿಗ್ಗಿಸುವಂತಿರಲಿಲ್ಲ. ದರ ನಿಗದಿಯಾದ ಮೇಲೆ ಹಣ ಬರಬೇಕಾದದ್ದು ರಕ್ಷಣಾ ಸಚಿವಾಲಯದಿಂದ. ಅಲ್ಲಿ ಕಡತವನ್ನು ಎಬ್ಬಿಸುವ ಕೆಲಸ ಸಂಸದರದು.

ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ 2011ರ ಸಕಾಲ ಕಾಯ್ದೆ, ಮಾಹಿತಿ ಹಕ್ಕು ಎರಡೂ ಇರುವಾಗ ಶಿಫಾರಸು ಬೇಡುವುದೇ ತಪ್ಪು ಎಂಬ ಆಕ್ಷೇಪವಿದೆ. ಜಾತಿ ಪ್ರಮಾಣಪತ್ರ, ಪಹಣಿಯಂಥ ಕೆಲಸಗಳ ಮಟ್ಟಿಗೆ ಈ ಮಾತು ಸರಿ. ಅವಕ್ಕೆ ಶಾಸಕರನ್ನು ಕಾಡುವುದು ಹಕ್ಕನ್ನು ಋಣವಾಗಿಸಿಕೊಂಡಂತೆ. ಆದರೆ ಹಲವು ಇಲಾಖೆಗಳು ಒಟ್ಟಿಗೆ ಓಡಬೇಕಾದಾಗ ಕೌಂಟರಿನ ರಸೀದಿ ಸಾಲದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಸ್ತೆ ಕೇಂದ್ರದ್ದು, ಪರಿಹಾರ ಕಾರ್ಯ ಜಿಲ್ಲಾಡಳಿತದ್ದು, ಗಂಗಾವಳಿ ನದಿಯಲ್ಲಿ ಮುಳುಗಿದ ಲಾರಿಯ ಚಾಲಕ ಕೇರಳದವರು. ಕಾರವಾರದ ಶಾಸಕ ಸತೀಶ ಸೈಲ್ ಜೊತೆಗೆ ಕೇರಳದ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಕೂಡ ಸ್ಥಳದಲ್ಲಿ ನಿಂತರು. ಮಳೆ, ಸೆಳೆತಕ್ಕೆ ನಿಂತಿದ್ದ ಶೋಧ ಡ್ರೆಜರ್ ತರಿಸಿ ಮುಂದುವರಿದು, ಸೆಪ್ಟೆಂಬರ್ 25ರಂದು ಲಾರಿ ಸಿಕ್ಕಿತು. ಹತ್ತಿರದವರಿಗೇ ಮೊದಲ ಮಣೆ ಎಂಬ ಇನ್ನೊಂದು ಆಕ್ಷೇಪ ಇಷ್ಟು ಸುಲಭಕ್ಕೆ ಕರಗದು. ಅದನ್ನು ತುಸು ತಡೆಯಬಲ್ಲದ್ದು ಬರಹ. ಮೊಬೈಲಿನಲ್ಲಿ ಹೇಳಿದ ಮಾತಿಗೆ ದಾಖಲೆಯಿಲ್ಲ. ಸರ್ವೆ ನಂಬರು, ಕಡತ ಸಂಖ್ಯೆ, ಅದು ನಿಂತಿರುವ ಕಚೇರಿಯ ಹೆಸರು ಬರೆದು ಸ್ವೀಕೃತಿ ಪಡೆದ ಅಹವಾಲಾದರೆ ಕೆಡಿಪಿ ನಡಾವಳಿಗೋ ವಿಧಾನಸಭೆಯ ಪ್ರಶ್ನೆಗೋ ಏರಬಹುದು, ಆಗ ಅಧಿಕಾರಿ ಲಿಖಿತ ಉತ್ತರ ಕೊಡಲೇಬೇಕು.