ಗಾಲಿಮನೆಯ ಒಲೆ, ಚಹಾ ತೋಟದ ಗಾಳಿ

ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಅಕ್ಟೋಬರ್ ಕಳೆಯಿತೆಂದರೆ ರಾತ್ರಿಯ ಚಳಿ ಮೈ ಕೊರೆಯುತ್ತದೆ. ಕಾಡಿನಂಚಿನಲ್ಲಿ ನಿಲ್ಲಿಸಿದ ಮೋಟಾರ್‌ಹೋಮ್ ಒಂದರಲ್ಲಿ ಮನೆಮಂದಿಯೆಲ್ಲ ಕಂಬಳಿ ಹೊದ್ದು ಮಲಗಿದ್ದಾರೆ ಎಂದುಕೊಳ್ಳಿ. ಗೋಡೆಯ ಮೇಲಿನ ಥರ್ಮೋಸ್ಟಾಟ್ ಟಿಕ್ ಎನ್ನುತ್ತದೆ. ಮರುಗಳಿಗೆಯೇ ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯೊಳಗೆ ಫ್ಯಾನೊಂದು ಕಿರ್ರೆಂದು ಎಚ್ಚರಗೊಂಡು ಗೊರಗೊರ ತಿರುಗತೊಡಗುತ್ತದೆ. ಸ್ವಲ್ಪ ಹೊತ್ತಿಗೆ ಬೆಚ್ಚನೆಯ ಗಾಳಿ ಬರುತ್ತದೆ, ಫ್ಯಾನು ನಿಲ್ಲುತ್ತದೆ. ಇನ್ನೇನು ನಿದ್ದೆ ಹತ್ತಬೇಕು, ಮತ್ತೆ ಟಿಕ್, ಮತ್ತೆ ಕಿರ್ರ್. ಬೆಳಗಾಗುವ ಹೊತ್ತಿಗೆ ಮಲಗಿದವರಿಗೆ ಇರುವುದು ಒಂದೇ ಹಟ: ಈ ಸದ್ದನ್ನು ಹೇಗಾದರೂ ಅಡಗಿಸಬೇಕು.

ಹಟವೇನೋ ಸಹಜವೇ. ಆದರೆ ಅಡಗಿಸುವ ಮೊದಲು ಆ ಫ್ಯಾನು ಅಲ್ಲಿಗೆ ಯಾಕೆ ಬಂತು, ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಅದರ ದಾರಿ ಪ್ಯಾರಿಸ್ಸಿನ ಒಂದು ಮಲಗುವ ಕೋಣೆಯನ್ನೂ ಅಸ್ಸಾಮಿನ ಒಂದು ಚಹಾ ತೋಟವನ್ನೂ ಹಾದು ಬಂದಿದೆ.

ಗಾಲಿಗಳ ಮೇಲೆ ಮನೆ ಕಟ್ಟಿಕೊಂಡು ಬದುಕುವುದು ಹೊಸದೇನಲ್ಲ. ಅಲೆಮಾರಿಗಳು, ಸರ್ಕಸ್ಸಿನವರು, ಜಾತ್ರೆಯ ವ್ಯಾಪಾರಿಗಳು ತಲೆಮಾರುಗಳ ಕಾಲ ಹಾಗೆ ಬದುಕಿದ್ದಾರೆ. ಅನುಕೂಲಸ್ಥರು ಅದನ್ನು ವಿಹಾರಕ್ಕೆಂದು ಕೈಗೆತ್ತಿಕೊಂಡದ್ದು ಮಾತ್ರ ಈಚೆಗೆ. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯರಾಗಿದ್ದು ನಿವೃತ್ತರಾಗಿ ಹುಡುಗರಿಗಾಗಿ ಸಾಹಸ ಕತೆಗಳನ್ನು ಬರೆಯುತ್ತಿದ್ದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಬ್ರಿಸ್ಟಲ್‌ನ ಗಾಡಿ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ಗಾಡಿಮನೆಯನ್ನು ಮಾಡಿಸಿಕೊಂಡರು. ಎರಡು ಕುದುರೆಗಳು ಎಳೆಯುವ ಆ ಗಾಡಿಯಲ್ಲಿ ಅವರು ಸ್ಕಾಟ್ಲೆಂಡಿನವರೆಗೂ ತಿರುಗಾಡಿದರು. ಮುಂದೆ ಕಾರು ಬಂತು, ಅದರ ಹಿಂದೆ ಎಳೆದೊಯ್ಯುವ ಟ್ರೇಲರ್ ಬಂತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಎಷ್ಟೋ ಮಂದಿಗೆ ಟ್ರೇಲರ್ ವಿಹಾರದ ವಸ್ತುವಾಗಿ ಉಳಿಯದೆ ಇದ್ದೊಂದು ಮನೆಯಾಯಿತು. ಎರಡನೇ ಮಹಾಯುದ್ಧದಲ್ಲಿ ಕಾರ್ಖಾನೆಗಳಿಗೆ ವಲಸೆ ಬಂದ ಕಾರ್ಮಿಕರೂ ಅದರೊಳಗೇ ಸಂಸಾರ ಹೂಡಿದರು. 1958ರಲ್ಲಿ ಮಿಷಿಗನ್ನಿನ ರೇಮಂಡ್ ಫ್ರ್ಯಾಂಕ್ ಎಂಬವರು ತಮ್ಮ ಕುಟುಂಬಕ್ಕೆಂದು, ಎಂಜಿನ್ನೂ ಮನೆಯೂ ಒಂದೇ ಆಗಿರುವ ವಾಹನವನ್ನು ಕಟ್ಟಿ ಅದನ್ನು ‘ಮೋಟಾರ್ ಹೋಮ್’ ಎಂದು ಕರೆದರು. 1966ರಿಂದ ಅಯೋವಾದ ವಿನ್ನೆಬಾಗೊ ಕಂಪನಿ ಅಂಥವನ್ನು ಕಡಿಮೆ ಬೆಲೆಗೆ, ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿತು.

ಮನೆ ಗಾಲಿ ಏರಿತು ನಿಜ, ಆದರೆ ಮನೆಗೆ ಒಲೆ ಬೇಕಲ್ಲ? ಮೊದಮೊದಲ ಟ್ರೇಲರ್‌ಗಳಲ್ಲಿ ಸೌದೆ, ಕಲ್ಲಿದ್ದಲು, ಸೀಮೆಎಣ್ಣೆಯ ಒಲೆಗಳಿದ್ದವು. ಆಮೇಲೆ ಪ್ರೊಪೇನ್ ಬಂತು. ಅಮೆರಿಕದ ರಸಾಯನ ವಿಜ್ಞಾನಿ ವಾಲ್ಟರ್ ಸ್ನೆಲ್ಲಿಂಗ್ 1910ರ ಸುಮಾರಿಗೆ ಪೆಟ್ರೋಲಿನಿಂದ ಆವಿಯಾಗಿ ಹೋಗುತ್ತಿದ್ದ ಅನಿಲದಲ್ಲಿ ಅದನ್ನು ಗುರುತಿಸಿದ್ದರು. ಒತ್ತಿ ದ್ರವ ಮಾಡಿ ಸಿಲಿಂಡರಿನಲ್ಲಿ ತುಂಬಿಕೊಂಡರೆ ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಈ ಅನಿಲ ಗಾಲಿಮನೆಗೆ ಹೇಳಿ ಮಾಡಿಸಿದಂತಿತ್ತು. ಕಷ್ಟವೆಂದರೆ, ಆಗಿನ ಹಲವು ಹೀಟರುಗಳು ಕೋಣೆಯ ಗಾಳಿಯನ್ನೇ ಎಳೆದುಕೊಂಡು ಉರಿಯುತ್ತಿದ್ದವು. ಚಳಿಗೆಂದು ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚಿದ ಪುಟ್ಟ ತಗಡಿನ ಗೂಡು. ಅದರೊಳಗೆ ನಾಲ್ಕು ಜನರ ಉಸಿರು ಮತ್ತು ಒಂದು ಉರಿ. ಆಮ್ಲಜನಕ ಸಾಲದಾದಾಗ ಉರಿ ಕಾರ್ಬನ್ ಮಾನಾಕ್ಸೈಡನ್ನು ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸದ್ದಂತೂ ಇಲ್ಲ. ನಮ್ಮ ರಕ್ತ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಸ್ವಲ್ಪ ತಲೆನೋವು, ಸ್ವಲ್ಪ ಮಂಪರು, ಅಷ್ಟೆ. ಮಲಗಿದವರು ಏಳುವುದಿಲ್ಲ.

ಸಾಹಿತ್ಯ ಓದುವವರಿಗೆ ಈ ಸಾವಿನ ಪರಿಚಯ ಇರಲಿಕ್ಕೂ ಸಾಕು. 1885ರಲ್ಲಿ ‘ಜರ್ಮಿನಲ್’ ಕಾದಂಬರಿಯನ್ನು ಪ್ರಕಟಿಸಿ ಕಲ್ಲಿದ್ದಲ ಗಣಿಯ ಕಾರ್ಮಿಕರ ಬದುಕನ್ನು ಲೋಕದ ಮುಂದಿಟ್ಟ ಎಮಿಲ್ ಜೋಲಾ, 1902ರ ಸೆಪ್ಟೆಂಬರಿನ ಕೊನೆಯಲ್ಲಿ ಪ್ಯಾರಿಸ್ಸಿನ ತಮ್ಮ ಮನೆಯಲ್ಲಿ ತೀರಿಕೊಂಡದ್ದು ಇದೇ ಅನಿಲದಿಂದ. ಕೋಣೆಯ ಚಿಮಣಿ ಕಟ್ಟಿಕೊಂಡಿತ್ತು. ಜೊತೆಗೆ ಮಲಗಿದ್ದ ಹೆಂಡತಿ ಬದುಕಿಕೊಂಡರು. ಡ್ರೈಫಸ್ ಪ್ರಕರಣದಲ್ಲಿ ಜೋಲಾ ತಳೆದ ನಿಲುವಿಗಾಗಿ ಅವರನ್ನು ದ್ವೇಷಿಸುತ್ತಿದ್ದವನೊಬ್ಬ ಬೇಕೆಂದೇ ಚಿಮಣಿ ಮುಚ್ಚಿದ್ದ ಎಂಬ ಮಾತು ಅರ್ಧ ಶತಮಾನದ ನಂತರ ಪತ್ರಿಕೆಯಲ್ಲಿ ಬಂತು. ಕೊಲೆಯೋ ಆಕಸ್ಮಿಕವೋ, ಕೊಂದದ್ದು ಮಾತ್ರ ಹೊಗೆ ಹೊರಹೋಗಲು ದಾರಿಯಿಲ್ಲದ ಉರಿ.

ಸುಳಿವು ಕೊಡದ ಅಪಾಯಕ್ಕೆ ಮನುಷ್ಯ ತಾನೇ ಒಂದೊಂದು ಸುಳಿವನ್ನು ಕಟ್ಟಿಕೊಡುತ್ತಾ ಬಂದಿದ್ದಾನೆ. ಗಣಿ ಸ್ಫೋಟಗಳಲ್ಲಿ ಸತ್ತವರನ್ನು ಪರೀಕ್ಷಿಸಿದ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್, ಹಲವರು ಸತ್ತದ್ದು ಬೆಂಕಿಯಿಂದಲ್ಲ, ಕಾರ್ಬನ್ ಮಾನಾಕ್ಸೈಡಿನಿಂದ ಎಂದು 1896ರಲ್ಲಿ ವರದಿ ಕೊಟ್ಟರು. ಮನುಷ್ಯನಿಗಿಂತ ಮೊದಲೇ ಅನಿಲ ತಟ್ಟುವ ಪುಟ್ಟ ಜೀವಿಗಳನ್ನು ಗಣಿಯೊಳಕ್ಕೆ ಒಯ್ಯಿರಿ ಎಂದು ಸಲಹೆ ಮಾಡಿದರು. ಕೆನರಿ ಹಕ್ಕಿಗಳು ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಆ ಕೆಲಸ ಮಾಡಿದವು. ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ 1937ರ ಮಾರ್ಚ್ 18ರಂದು, ಯಾರಿಗೂ ತಿಳಿಯದಂತೆ ಸೋರಿ ತುಂಬಿಕೊಂಡಿದ್ದ ಅನಿಲ ಸಿಡಿದು ಸುಮಾರು ಮುನ್ನೂರು ಜನ, ಹೆಚ್ಚಿನವರು ಮಕ್ಕಳು, ಸತ್ತರು. ಉರಿಸುವ ಅನಿಲಕ್ಕೆ ಕೆಟ್ಟ ವಾಸನೆ ಬೆರೆಸಲೇಬೇಕು ಎಂಬ ಕಾನೂನು ಬಂದದ್ದು ಅದರ ನಂತರ. ಇಂದು ನಮ್ಮ ಅಡುಗೆಮನೆಯ ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯುವ ನಾತವೂ ಹೀಗೆ ಬೇಕೆಂದೇ ಬೆರೆಸಿದ್ದು. ಹಕ್ಕಿ ಕಣ್ಣಿಗೆ, ನಾತ ಮೂಗಿಗೆ. ಗಾಲಿಮನೆಯ ಫ್ಯಾನಿನ ಸದ್ದನ್ನು ಕಿವಿಗೆ ಸಿಕ್ಕ ಸುಳಿವು ಎಂದುಕೊಳ್ಳಬಹುದು. ಅದು ಸುಳಿವಿಗೆಂದು ಮಾಡಿದ್ದಲ್ಲ, ಆದರೆ ಕೆಲಸ ಅದೇ.

ಆ ಫ್ಯಾನಿಗೆ ಅದರದೇ ವಂಶಾವಳಿಯೊಂದಿದೆ. ಗಾಳಿಯನ್ನು ತಳ್ಳಲು ಮನುಷ್ಯ ಮೊದಲು ಮಾಡಿಕೊಂಡದ್ದು ತಿದಿ. ಆಮೇಲೆ ಬಂದದ್ದು ಪೆಟ್ಟಿಗೆಯೊಳಗೆ ತಿರುಗುವ ಚಕ್ರ. ಗಣಿಗಳೊಳಕ್ಕೆ ಗಾಳಿ ಕಳಿಸುವ ಅಂಥ ಚಕ್ರಗಳ ಚಿತ್ರಗಳು 1556ರಲ್ಲಿ ಪ್ರಕಟವಾದ ಜರ್ಮನಿಯ ಅಗ್ರಿಕೋಲನ ಗಣಿಗಾರಿಕೆಯ ಗ್ರಂಥದಲ್ಲಿವೆ. 1730ರ ದಶಕದಲ್ಲಿ ಜಾನ್ ಡೆಸಾಗುಲಿಯೇ ಎಂಬ ವಿಜ್ಞಾನಿ ಲಂಡನ್ನಿನ ಹೌಸ್ ಆಫ್ ಕಾಮನ್ಸ್ ಸಭಾಂಗಣದ ಉಸಿರುಗಟ್ಟಿಸುವ ಗಾಳಿಯನ್ನು ಬದಲಿಸಲು ಇಂಥದೇ ಚಕ್ರವನ್ನು ಕೂರಿಸಿದರು. ಅದನ್ನು ಕೈಯಿಂದ ತಿರುಗಿಸಲು ಒಬ್ಬ ಆಳು. ‘ವೆಂಟಿಲೇಟರ್’ ಎಂದು ಕರೆಯುತ್ತಿದ್ದದ್ದು ಆ ಆಳನ್ನು! ನಮ್ಮ ಊರುಗಳ ಕುಲುಮೆಗಳಲ್ಲಿ ತಿದಿಯ ಜಾಗಕ್ಕೆ ಬಂದ, ಹಿಡಿ ಹಿಡಿದು ತಿರುಗಿಸುವ ಬ್ಲೋವರ್ ಇದೇ ಕುಲದ್ದು.

ಆದರೆ ಮಂಚದ ಕೆಳಗೆ ಹಿಡಿಸುವಷ್ಟು ಚಿಕ್ಕದಾಗಿ, ಬೇಕಾದಷ್ಟು ಗಾಳಿ ಕೊಡುವ ಚಕ್ರ ಬಂದದ್ದು ಚಹಾ ಉದ್ಯಮದಿಂದ. ಬೆಲ್‌ಫಾಸ್ಟಿನ ಸ್ಯಾಮ್ಯುಯಲ್ ಡೇವಿಡ್‌ಸನ್ 1864ರಲ್ಲಿ, ಇನ್ನೂ ಹದಿಹರೆಯದಲ್ಲೇ, ಅಸ್ಸಾಮಿನ ಕಾಚಾರ್‌ನ ಚಹಾ ತೋಟಕ್ಕೆ ಕೆಲಸಕ್ಕೆ ಬಂದರು. ಅಲ್ಲಿ ಚಹಾ ಎಲೆಯನ್ನು ಇದ್ದಿಲ ಕೆಂಡದ ಮೇಲೆ ಒಣಗಿಸುತ್ತಿದ್ದರು. ಕೈ ಸ್ವಲ್ಪ ತಡವಾದರೆ ಎಲೆ ಸೀಯುತ್ತಿತ್ತು, ಬೇಗವಾದರೆ ಹಸಿಯಾಗಿಯೇ ಉಳಿಯುತ್ತಿತ್ತು. ಕೆಂಡದ ಬದಲು ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರಗಳನ್ನು ಡೇವಿಡ್‌ಸನ್ ರೂಪಿಸಿದರು. ಊರಿಗೆ ಮರಳಿ 1881ರಲ್ಲಿ ಅವನ್ನು ತಯಾರಿಸುವ ಕಾರ್ಖಾನೆ ತೆರೆದರು. ಸಹಾರಾದಿಂದ ಬೀಸುವ ಬಿಸಿಗಾಳಿಯ ಹೆಸರನ್ನೇ, ‘ಸಿರೊಕೊ’ ಎಂದು, ಅದಕ್ಕೆ ಇಟ್ಟರು. ಬಿಸಿಗಾಳಿಯನ್ನು ತಳ್ಳುವ ಚಕ್ರವನ್ನು ತಿದ್ದುತ್ತಾ 1898ರ ಹೊತ್ತಿಗೆ ಅವರು ಹೊಸದೊಂದು ಆಕಾರಕ್ಕೆ ಪೇಟೆಂಟ್ ಪಡೆದರು. ನಾಲ್ಕಾರು ದೊಡ್ಡ ರೆಕ್ಕೆಗಳ ಬದಲು ಚಕ್ರದ ಅಂಚಿನ ಸುತ್ತ ಹತ್ತಾರು ಕಿರಿದಾದ ಅಲಗುಗಳು, ತಿರುಗುವ ದಿಕ್ಕಿಗೆ ಬಾಗಿದಂಥವು. ಕಡಿಮೆ ವೇಗದಲ್ಲಿ, ಕಡಿಮೆ ಜಾಗದಲ್ಲಿ, ಹೆಚ್ಚು ಗಾಳಿ. ಅದು ಗಣಿಗಳಿಗೂ ಹಡಗುಗಳಿಗೂ ಆಸ್ಪತ್ರೆಗಳಿಗೂ ಹೋಯಿತು. ನೋಡಲು ಅಳಿಲಿನ ಪಂಜರದಂತಿರುವುದರಿಂದ ಮೆಕ್ಯಾನಿಕ್ಕುಗಳು ಅದನ್ನು ‘ಸ್ಕ್ವಿರಲ್ ಕೇಜ್’ ಎನ್ನುತ್ತಾರೆ. ನಮ್ಮ ಕಾರುಗಳ ಏಸಿಯ ಗಾಳಿ ತಳ್ಳುವುದು ಅದೇ. ಮೋಟಾರ್‌ಹೋಮಿನ ಫರ್ನೇಸಿನಲ್ಲಿ ಕೋಣೆಗೆ ಬಿಸಿಗಾಳಿ ಕಳಿಸುವುದೂ ಅದೇ.

ಈಗ ಆ ತಗಡಿನ ಪೆಟ್ಟಿಗೆಯನ್ನು ಬಿಚ್ಚಿ ನೋಡೋಣ. ಹನ್ನೆರಡು ವೋಲ್ಟಿನ ಒಂದು ಚಿಕ್ಕ ಮೋಟಾರು. ಸಾಮಾನ್ಯವಾಗಿ ಅದರ ದಂಡ ಎರಡೂ ಕಡೆಗೆ ಚಾಚಿರುತ್ತದೆ, ಒಂದೊಂದು ತುದಿಗೆ ಒಂದೊಂದು ಚಕ್ರ. ದೊಡ್ಡದು ಕೋಣೆಯ ಗಾಳಿಯನ್ನು ಎಳೆದು, ಕಾದ ಲೋಹದ ಕೋಶದ ಹೊರಮೈಗೆ ಹಾಯಿಸಿ ಮತ್ತೆ ಕೋಣೆಗೆ ಕಳಿಸುತ್ತದೆ. ಚಿಕ್ಕದು ವಾಹನದ ಹೊರಗಿನಿಂದ ಗಾಳಿ ಎಳೆದು ಕೋಶದೊಳಗಿನ ಉರಿಗೆ ಊಡಿಸಿ, ಹೊಗೆಯನ್ನು ಹೊರಕ್ಕೇ ದಬ್ಬುತ್ತದೆ. ಎರಡು ಗಾಳಿಗಳೂ ಎಲ್ಲಿಯೂ ಕೂಡಬಾರದು. ಇನ್ನೂ ಒಂದು ಉಪಾಯವಿದೆ. ಗಾಳಿಯ ದಾರಿಯಲ್ಲಿ ತೆಳು ತಗಡಿನ ಹಾಳೆಯೊಂದು ನೇತಾಡುತ್ತದೆ; ಹಾಯಿಪಟದಂತೆ ಗಾಳಿಗೆ ಅದು ಬಾಗಿದಾಗ ಮಾತ್ರ ಸ್ವಿಚ್ ಕೂಡುತ್ತದೆ, ಆಮೇಲೆಯೇ ಗ್ಯಾಸು ಬಿಡುಗಡೆ. ಫ್ಯಾನು ಸಾಕಷ್ಟು ಜೋರಾಗಿ ತಿರುಗದಿದ್ದರೆ ಒಲೆ ಹೊತ್ತುವುದೇ ಇಲ್ಲ. ಜೋಲಾರ ಕೋಣೆಯಲ್ಲಿ ಇಲ್ಲದೇ ಹೋದದ್ದು ಇದು: ದಾರಿ ತೆರೆದಿದೆಯೇ ಎಂದು ಕೇಳಿಕೊಂಡು ಆಮೇಲೆ ಉರಿಯುವ ಬೆಂಕಿ.

ಹಾಗಾಗಿ ರಿಪೇರಿ ಶುರುವಾಗುವುದು ಕಿವಿಯಿಂದ. ಚಳಿಯಲ್ಲಿ ಹೊರಡುವಾಗ ಕಿರ್ರೆಂದು ಕೂಗಿ, ಬಿಸಿಯಾದ ಮೇಲೆ ಸುಮ್ಮನಾದರೆ ಬೇರಿಂಗು ಒಣಗಿದೆ. ಇಂಥ ಎಷ್ಟೋ ಮೋಟಾರುಗಳಲ್ಲಿರುವುದು ಸೂಕ್ಷ್ಮ ರಂಧ್ರಗಳ ಕಂಚಿನ ಬುಷ್‌. ಅದು ಸ್ಪಂಜಿನಂತೆ ಎಣ್ಣೆಯನ್ನು ಹೀರಿಟ್ಟುಕೊಂಡು ವರ್ಷಗಟ್ಟಲೆ ದಂಡಕ್ಕೆ ಒಸರಿಸುತ್ತದೆ. ಎಣ್ಣೆ ಮುಗಿದ ಮೇಲೆ ಎರಡು ಹನಿ ಬಿಟ್ಟರೆ ಕೂಗು ನಿಲ್ಲಬಹುದು, ಆದರೆ ಸವೆದ ಬುಷ್ ಮರಳಿ ಬರುವುದಿಲ್ಲ. ಮೋಟಾರು ಬದಲಿಸುವ ಕಾಲ ಹತ್ತಿರ ಬಂದಿದೆ ಎಂದೇ ಅರ್ಥ. ತಗಡು ಉಜ್ಜುವ ಸದ್ದು ಬಂದರೆ, ಹಾದಿಯ ಕುಲುಕಾಟಕ್ಕೆ ಚಕ್ರದ ತಿರುಪು ಸಡಿಲಿ ಚಕ್ರ ಪಕ್ಕಕ್ಕೆ ಸರಿದಿದೆ. ಗುದ್ದಿದಂತೆ ಇಡೀ ಪೆಟ್ಟಿಗೆ ನಡುಗಿದರೆ ಅಲಗುಗಳಲ್ಲಿ ಧೂಳು, ನಾಯಿಯ ಕೂದಲು ಕಟ್ಟಿಕೊಂಡು ಚಕ್ರದ ತೂಕ ಒಂದು ಪಕ್ಕಕ್ಕೆ ವಾಲಿದೆ. ಕಟಕಟ ಎಂದರೆ ಕಣಜದ ಗೂಡಿನ ಒಣ ಮಣ್ಣಿರಬಹುದು. ಬೇಸಿಗೆಯಿಡೀ ನಿಂತ ವಾಹನದ ಹೊಗೆಕೊಳವೆ ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಬಲು ಪ್ರೀತಿಯ ಜಾಗ. ಅದು ಬರಿಯ ಸದ್ದಲ್ಲ, ಚಿಮಣಿ ಮುಚ್ಚುತ್ತಿದೆ ಎಂಬ ಸುದ್ದಿ.

ಬ್ಯಾಟರಿಯನ್ನೂ ಗ್ಯಾಸನ್ನೂ ಮುಚ್ಚಿ, ಪೆಟ್ಟಿಗೆ ಹೊರತೆಗೆದು, ಚಕ್ರವನ್ನು ತೊಳೆದು, ಅದು ಮೊದಲಿದ್ದ ಜಾಗದಲ್ಲೇ ಕೂರಿಸಬೇಕು. ಹೊಸ ಮೋಟಾರು ಹಾಕುವಾಗ ತಂತಿ ಅದಲುಬದಲಾದರೆ ಒಂದು ವಿಚಿತ್ರ ನಡೆಯುತ್ತದೆ. ಚಕ್ರ ಹಿಂದುಮುಂದಾಗಿ ತಿರುಗಿದರೂ ಗಾಳಿ ಮೊದಲಿನ ಬಾಯಿಂದಲೇ ಬರುತ್ತದೆ, ಆದರೆ ಸೋತ ಗಾಳಿ. ಬಾಗಿದ ಅಲಗುಗಳಿಗೆ ಡೇವಿಡ್‌ಸನ್ ಕೊಟ್ಟ ದಿಕ್ಕು ತಪ್ಪಿದೆ. ಸದ್ದು ಕೇಳುತ್ತದೆ, ಹಾಯಿ ಏಳುವುದಿಲ್ಲ, ಒಲೆ ಹೊತ್ತುವುದಿಲ್ಲ. ಉರಿಯ ಕಡೆಯ ಮುಚ್ಚಳ ತೆಗೆದಿದ್ದರೆ ಅದರ ಗ್ಯಾಸ್ಕೆಟ್ಟನ್ನು ಹೊಸದಾಗಿ ಕೂರಿಸಬೇಕು. ಎರಡು ಗಾಳಿಗಳ ನಡುವಿನ ಗೋಡೆ ಅದು.

ಈ ತಾಳ್ಮೆ ಇಲ್ಲದವರು ಅಡ್ಡದಾರಿ ಹಿಡಿಯುತ್ತಾರೆ. ಕೆಲವರು ಹಾಯಿಯ ಸ್ವಿಚ್ಚನ್ನು ತಂತಿಯಿಂದ ಕಟ್ಟಿಬಿಡುತ್ತಾರೆ. ಕೆಲವರು ಸದ್ದಿನ ಗೊಡವೆಯೇ ಬೇಡವೆಂದು ಫರ್ನೇಸನ್ನು ಆರಿಸಿ, ಅಡುಗೆಯ ಒಲೆಯನ್ನೇ ಸಣ್ಣಗೆ ಉರಿಯಲು ಬಿಟ್ಟು ಮಲಗುತ್ತಾರೆ. ನೂರು ವರ್ಷದ ಹಿಂದಿನ ಗಾಡಿಗೆ ಅವರು ಒಂದೇ ರಾತ್ರಿಯಲ್ಲಿ ಮರಳಿದಂತಾಯಿತು. ಆ ಉರಿಗೆ ಸದ್ದಿಲ್ಲ, ಕೋಣೆಯೂ ಬೆಚ್ಚಗಿರುತ್ತದೆ, ನಿದ್ದೆ ಸೊಗಸಾಗಿ ಬರುತ್ತದೆ. ಅಪಾಯವಿರುವುದು ಆ ಸೊಗಸಿನಲ್ಲಿಯೇ. ಗೋಡೆಗೆ ಇಂದು ಕಾರ್ಬನ್ ಮಾನಾಕ್ಸೈಡಿನ ಅಲಾರಂ ಹಾಕುತ್ತಾರೆ, ಹಾಕಲೇಬೇಕು. ಅದು ಹಾಲ್ಡೇನರ ಹಕ್ಕಿಯ ಹೊಸ ಅವತಾರ.

ಚೆನ್ನಾಗಿ ರಿಪೇರಿಯಾದ ಫರ್ನೇಸು ಪೂರ್ತಿ ಮೂಕವಾಗುವುದಿಲ್ಲ. ಟಿಕ್ ಎಂದ ಮೇಲೆ ಒಂದು ಹದವಾದ ಬುಸುಗುಟ್ಟುವಿಕೆ, ಕೆಲವು ಸೆಕೆಂಡುಗಳ ನಂತರ ಉರಿ ಹೊತ್ತಿಕೊಂಡ ಮೆಲುದನಿ, ಆಮೇಲೆ ಬೆಚ್ಚನೆಯ ಗಾಳಿ. ಉರಿ ಆರಿದ ಮೇಲೂ ಫ್ಯಾನು ತುಸುಹೊತ್ತು ತಿರುಗಿ, ಉಳಿದ ಬಿಸಿಯನ್ನು ಹೊರಹಾಕಿಯೇ ನಿಲ್ಲುತ್ತದೆ. ಹೌಸ್ ಆಫ್ ಕಾಮನ್ಸ್‌ನಲ್ಲಿ ಇಡೀ ದಿನ ಚಕ್ರ ತಿರುಗಿಸುತ್ತಿದ್ದ ಆ ಆಳಿನ ಹೆಸರು ಯಾವ ಇತಿಹಾಸದಲ್ಲೂ ಉಳಿದಂತಿಲ್ಲ. ಅವನ ಕೆಲಸ ಮಾತ್ರ ಮಂಚದ ಕೆಳಗೆ ಇನ್ನೂ ನಡೆಯುತ್ತಿದೆ. ಮಲಗಿದವರು ಅರೆನಿದ್ದೆಯಲ್ಲಿ ಅದನ್ನು ಕೇಳಿಸಿಕೊಂಡು ಮಗ್ಗುಲು ಬದಲಿಸಿದರೆ, ಅಷ್ಟು ಸದ್ದು ಇರಲಿ.